ವಿಕಿಪೀಡಿಯಕ್ಕೆ ಬಿನ್ನವತ್ತಳೆ ಬೇಡ

‘‘ಬಾಪನವರ ಬಗ್ಗೆ ವಿಕಿಪೀಡಿಯದಲ್ಲಿ ಚಂದ ಮಾಡಿ ಬರೆದು ಹಾಕಿದ್ದೆವು, ಎರಡೇ ದಿನಕ್ಕೆ ತೆಗೆದುಬಿಟ್ಟರು.’’ ಈ ದೂರು ನಮ್ಮ ಕಡೆ ಈಗ ಆಗಾಗ ಕಿವಿಗೆ ಬೀಳ್ತದೆ. ಪಕ್ಕದಲ್ಲಿದ್ದವರು ಕೂಡಲೇ, ‘‘ನಮ್ಮವರದ್ದು ಅಂತ ಗೊತ್ತಾದ್ರೆ ಇಡ್ತಾರಾ?’’ ಅಂತ ಸೇರಿಸ್ತಾರೆ. ತಾರತಮ್ಯ ಎಲ್ಲೂ ಇಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ದೂರುವ ಮೊದಲು, ಹಾಕಿದ ಬರಹವನ್ನು ಒಮ್ಮೆ ಓದಿ ನೋಡಬೇಕು.

‘ಕೊಡುಗೈ ದಾನಿ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’, ‘ಬಡವರ ಪಾಲಿನ ಆಶಾಕಿರಣ’. ಇದು ಸನ್ಮಾನದ ದಿನ ಶಾಲು ಹೊದಿಸಿ ಓದುವ ಬಿನ್ನವತ್ತಳೆಯ ಭಾಷೆ. ಸಭೆಯಲ್ಲಿ ಅದಕ್ಕೆ ಜಾಗ ಇದೆ, ಯಾರೂ ಬೇಡ ಅನ್ನುವುದಿಲ್ಲ. ವಿಶ್ವಕೋಶದಲ್ಲಿ ಮಾತ್ರ ಇಲ್ಲ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಈ ವ್ಯಕ್ತಿಗೆ ಸಂಬಂಧವೇ ಇಲ್ಲದ ಯಾರಾದರೂ, ಎಲ್ಲಾದರೂ, ಇವರ ಬಗ್ಗೆ ವಿವರವಾಗಿ ಬರೆದಿದ್ದಾರಾ? ನಾವೇ ಜಾಹೀರಾತು ಕೊಟ್ಟ ಸ್ಮರಣ ಸಂಚಿಕೆ ಅದಕ್ಕೆ ಸಾಕ್ಷಿ ಆಗುವುದಿಲ್ಲ. ನಮ್ಮ ಅಂಗಡಿಯ ವೆಬ್‌ಸೈಟೂ ಅಷ್ಟೇ.

ನಿಯಮ ನಮಗೆ ಮಾತ್ರ ಅಂತ ತಿಳಿಯಬೇಡಿ. ವಿಕಿಪೀಡಿಯ ಶುರುವಾದದ್ದು 2001ರಲ್ಲಿ. ಅದನ್ನು ಸ್ಥಾಪಿಸಿದ ಜಿಮ್ಮಿ ವೇಲ್ಸ್ ಅವರೇ 2005ರಲ್ಲಿ ತಮ್ಮ ಬಗೆಗಿನ ಪುಟವನ್ನು ತಿದ್ದಿ ಸಿಕ್ಕಿಬಿದ್ದರು. ಜೊತೆಗಿದ್ದ ಲ್ಯಾರಿ ಸ್ಯಾಂಗರ್ ಅವರನ್ನು ಸಹಸ್ಥಾಪಕ ಎಂದಿದ್ದ ಮಾತುಗಳನ್ನೂ ಬದಲಿಸಿದ್ದರು. ಪ್ರತಿ ತಿದ್ದುಪಡಿಯೂ ಪುಟದ ಇತಿಹಾಸದಲ್ಲಿ ಉಳಿಯುತ್ತದಲ್ಲ, ಅಲ್ಲಿಂದಲೇ ಹೊರಬಿತ್ತು. ಹಾಗೆ ಮಾಡಬಾರದಿತ್ತು ಅಂತ ಅವರೇ ಒಪ್ಪಬೇಕಾಯಿತು.

‘‘ಹಣ ಕೊಟ್ಟರೆ ಪುಟ ಮಾಡಿಸಿಕೊಡ್ತೇವೆ’’ ಅನ್ನುವವರಿಂದಲೂ ಜಾಗ್ರತೆ ಬೇಕು. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಇಂಥ ಒಂದು ಜಾಲದ 381 ಖಾತೆಗಳನ್ನು ಮುಚ್ಚಿದರು. ಸಣ್ಣ ವ್ಯಾಪಾರಿಗಳಿಂದ, ಕಲಾವಿದರಿಂದ ಪುಟ ಮಾಡಿಸಲು ಒಮ್ಮೆ, ಅದನ್ನು ಉಳಿಸಲು ಮತ್ತೊಮ್ಮೆ ದುಡ್ಡು ಕೀಳುತ್ತಿದ್ದರು. ಹಣ ಪಡೆದು ಬರೆಯುವವರು ಯಾರಿಂದ ಪಡೆದೆವು ಅಂತ ಬಹಿರಂಗವಾಗಿ ಹೇಳಲೇಬೇಕು ಅನ್ನುವ ಷರತ್ತು ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. ಇಂಥವರು ಅದನ್ನು ನಿಮಗೆ ಹೇಳುವುದಿಲ್ಲ, ಅಷ್ಟೇ.

ಒಬ್ಬರ ಪುಟ ಹೋದರೆ ನಷ್ಟ ಅವರ ಮನೆಯದ್ದು. ನಮಗೆ ಹೆಚ್ಚು ಚಿಂತೆ ಊರಿನ ಪುಟ, ಸಮುದಾಯದ ಪುಟದ್ದು. ‘ಪ್ರಮುಖ ವ್ಯಕ್ತಿಗಳು’ ಅಂತ ಒಂದು ಪಟ್ಟಿ ಇದ್ದರೆ ಸಾಕು, ಒಬ್ಬರ ಹಿಂದೆ ಒಬ್ಬರು ತಮ್ಮ ಹೆಸರು, ಫರ್ಮಿನ ಹೆಸರು, ಸಂಘದ ಹುದ್ದೆ ತುಂಬಿಸ್ತಾರೆ. ಕೊನೆಗೆ ಪುಟದ ತಲೆಗೇ ‘ಇದು ಜಾಹೀರಾತಿನಂತಿದೆ’ ಅನ್ನುವ ಸೂಚನೆ ಬಂದು ಕೂರುತ್ತದೆ. ಶಾಲೆಯ ಪ್ರಾಜೆಕ್ಟ್‌ಗೆ ಬ್ಯಾರಿ ಭಾಷೆಯ ಬಗ್ಗೆ ಹುಡುಕುವ ಮಗು ಆ ಸೂಚನೆ ಕಂಡರೆ ಅಲ್ಲಿರುವ ನಿಜವನ್ನಾದರೂ ನಂಬುವುದು ಹೇಗೆ?

‘‘ನಾವು ಬರೆಯದಿದ್ದರೆ ಮತ್ತೆ ಯಾರು ಬರೀತಾರೆ?’’ ಈ ಪ್ರಶ್ನೆಯಲ್ಲಿ ಹುರುಳಿದೆ. ನಮ್ಮದು ಹೆಚ್ಚಿನದ್ದೂ ಬಾಯಿಮಾತಿನಲ್ಲಿ ಉಳಿದ ಚರಿತ್ರೆ, ಅಚ್ಚಿನಲ್ಲಿ ಸಿಗುವುದು ಕಡಿಮೆ. ಹಾಗಾಗಿ ಕೆಲಸ ವಿಕಿಪೀಡಿಯಕ್ಕೂ ಮೊದಲೇ ಶುರುವಾಗಬೇಕು. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಮಂಗಳೂರು ವಿವಿಯಲ್ಲಿ ಬ್ಯಾರಿ ಅಧ್ಯಯನ ಪೀಠ ಇದೆ. ಅಂಥ ಕಡೆ ಸಂಶೋಧನೆ ಆಗಿ ಪುಸ್ತಕ, ಲೇಖನ ಬರಲಿ, ಪತ್ರಿಕೆಗಳಲ್ಲಿ ಬರಲಿ. ಆಮೇಲೆ ಉಲ್ಲೇಖ ಕೊಟ್ಟು ಯಾರು ಬೇಕಾದರೂ ಬರೆಯಬಹುದು. ಮನೆಯವರ ಬಗ್ಗೆ ತಪ್ಪು ಮಾಹಿತಿ ಇದ್ದರೆ ಆ ಪುಟದ ‘ಚರ್ಚೆ’ ಭಾಗದಲ್ಲಿ ‘‘ನಾನು ಇವರ ಮಗ, ಇಸವಿ ತಪ್ಪಾಗಿದೆ, ದಾಖಲೆ ಇಲ್ಲಿದೆ’’ ಅಂತ ಹೇಳಿದರೆ ಆಯಿತು. ತಿದ್ದುವುದು ಬೇರೆಯವರು ತಿದ್ದಲಿ.

ಅಲ್ಲಿಯವರೆಗೆ ಮಾಡಲಿಕ್ಕೆ ಕೆಲಸ ಬೇಕಾದಷ್ಟಿದೆ. 2011ರ ಅತ್ಯುತ್ತಮ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿ ಹಂಚಿಕೊಂಡ ‘ಬ್ಯಾರಿ’ ಸಿನಿಮಾದ ಪುಟ ನೋಡಿ, ಆಗಿನ ಪತ್ರಿಕಾ ವರದಿಗಳ ಉಲ್ಲೇಖ ಸೇರಿಸಬಹುದು. ಬಂದರಿನ ಹಳೇ ಗಲ್ಲಿಗಳ, ಉಮ್ಮ ಹಂಚಿನ ಮೇಲೆ ಸುಡುವ ಪತ್ತಿರ್‌ನ ಫೋಟೊ ತೆಗೆದು ಎಲ್ಲರ ಬಳಕೆಗೆ ಬಿಡಬಹುದು. ಮಕ್ಕಳ ಕೈಯಲ್ಲಿ ಮೊಬೈಲ್ ಹೇಗೂ ಇದೆ.