ಪೇಪರ್ ಈಸಿನಾ, ಟಫ್ಫಾ ಅನ್ನೋದು ನಿಮ್ಮ ಪ್ರಶ್ನೆ ಅಲ್ಲ

1/8
ರೈಲ್ವೆ ಪರೀಕ್ಷೆ ದಿನಾಂಕ ಬಂತು ಅಂದ್ರೆ ಸಾಕು, ನಮ್ಮ ಗ್ರೂಪುಗಳಲ್ಲಿ ಜ್ಯೋತಿಷ್ಯ ಶುರು. “ಹೋದ ಸಲ ಮ್ಯಾಥ್ಸ್ ಸುಲಭ ಇತ್ತು, ಈ ಸಲ ಹಿಂಡ್ತಾರೆ ನೋಡು.” “ಮೊದಲ ವಾರದ ಶಿಫ್ಟ್ ಸಿಕ್ಕವರು ಪುಣ್ಯವಂತರು.” “75 ದಾಟಿದ್ರೆ ಸೇಫ್.” ಹೇಳೋರು ಯಾರು, ಯಾವ ಆಧಾರದ ಮೇಲೆ ಹೇಳ್ತಿದ್ದಾರೆ ಅಂತ ಯಾರೂ ಕೇಳಲ್ಲ. ಆದರೆ ಆ ಮಾತು ಕಿವಿಗೆ ಬಿದ್ದವರು ತಮ್ಮ ಓದನ್ನೇ ಬದಲಾಯಿಸಿಬಿಡ್ತಾರೆ. ಸುಲಭ ಅಂದ್ರೆ ಅಭ್ಯಾಸ ಸಡಿಲ. ಕಷ್ಟ ಅಂದ್ರೆ ಗಾಬರಿ, ಇನ್ನೊಂದು ಪುಸ್ತಕ, ಮತ್ತೊಂದು ಕೋರ್ಸಿಗೆ ಮನೆಯಿಂದ ದುಡ್ಡು.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಹಳೆ ಪೇಪರ್‌ಗಳನ್ನ ಬಿಡಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಪೇಪರ್ ಎಷ್ಟು ಕಷ್ಟ ಅಂತ ಊಹಿಸೋಕೆ ಅವನ್ನ ಬಳಸಬೇಡಿ. ಎಂಥ ಪ್ರಶ್ನೆಗಳು ಮತ್ತೆ ಮತ್ತೆ ಬರ್ತವೆ, ನೀವು ಎಲ್ಲಿ ಎಡವ್ತೀರ, ಇವೆರಡನ್ನ ತಿಳಿಯೋಕೆ ಬಳಸಿ. ಪೇಪರ್ ಕಷ್ಟ ಆದ್ರೆ ಆ ಹಾಲ್‌ನಲ್ಲಿರೋ ಎಲ್ಲರಿಗೂ ಕಷ್ಟ. ಎಡವೋ ಜಾಗ ಮಾತ್ರ ಒಬ್ಬೊಬ್ಬರದ್ದು ಬೇರೆ ಬೇರೆ.

ಯಾಕೆ ಹೀಗೆ ಹೇಳ್ತೀನಿ ಅಂತ ಲೆಕ್ಕ ಸಮೇತ ನೋಡೋಣ.

2/8
ಮೊದಲು ಕಟ್‌ಆಫ್. “ಹಿಂದಿನ ಸಲ ಇಷ್ಟಕ್ಕೆ ನಿಂತಿತ್ತು, ಹಾಗಾಗಿ ಈ ಸಲವೂ ಅಷ್ಟೇ” ಅನ್ನೋದು ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದ ಹಾಗೆ. ಪೇಪರಿನ ಕಷ್ಟ ಒಂದರಿಂದಲೇ ಕಟ್‌ಆಫ್ ನಿರ್ಧಾರ ಆಗಲ್ಲ. ಹುದ್ದೆ ಎಷ್ಟು, ಒಂದು ಹುದ್ದೆಗೆ ಎಷ್ಟು ಜನರನ್ನ ಮುಂದಿನ ಹಂತಕ್ಕೆ ಕರೀತಾರೆ, ನಿಮ್ಮ ಆರ್‌ಆರ್‌ಬಿಯಲ್ಲಿ, ನಿಮ್ಮ ಕೆಟಗರಿಯಲ್ಲಿ ಎಷ್ಟು ಸ್ಥಾನ, ಇವೆಲ್ಲ ಸೇರಿ ಆಗೋದು.

ಎನ್‌ಟಿಪಿಸಿಯನ್ನೇ ತಗೊಳ್ಳಿ. 2019ರ ಅಧಿಸೂಚನೆಯಲ್ಲಿ 35 ಸಾವಿರಕ್ಕೂ ಹೆಚ್ಚು ಹುದ್ದೆ, ಎರಡನೇ ಸಿಬಿಟಿಗೆ ಹುದ್ದೆಯ 20 ಪಟ್ಟು ಜನ. ಅಂದ್ರೆ ಸುಮಾರು 7 ಲಕ್ಷ. 2024ರಲ್ಲಿ ಪದವೀಧರರಿಗೆ 8,113, ಪಿಯುಸಿ ಮಟ್ಟಕ್ಕೆ 3,445, ಕರೆಯೋದು 15 ಪಟ್ಟು. ಎರಡೂ ಸೇರಿಸಿದ್ರೂ ಸುಮಾರು 1.73 ಲಕ್ಷ. ಬಾಗಿಲ ಅಗಲ ಕಾಲು ಭಾಗಕ್ಕೆ ಇಳಿದಿದೆ. ಇಷ್ಟಾದ ಮೇಲೂ 2019ರ ಕಟ್‌ಆಫ್ ಹಿಡ್ಕೊಂಡು “ನಾನು ಸೇಫ್” ಅಂದ್ರೆ ಏನರ್ಥ?

ಇನ್ನೂ ಸ್ಪಷ್ಟ ಉದಾಹರಣೆ ಬೇಕಾ? 2022ರ ಜನವರಿಯಲ್ಲಿ ಆ ಮೊದಲ ಸಿಬಿಟಿ ಫಲಿತಾಂಶ ಬಂತು. ಒಬ್ಬನೇ ಅಭ್ಯರ್ಥಿಯನ್ನ ಹಲವು ಲೆವೆಲ್‌ಗಳ ಪಟ್ಟಿಯಲ್ಲಿ ಎಣಿಸಿದ್ದಾರೆ ಅಂತ ಬಿಹಾರ, ಉತ್ತರ ಪ್ರದೇಶದಲ್ಲಿ ದೊಡ್ಡ ಪ್ರತಿಭಟನೆ ಆಯ್ತು. ಆಮೇಲೆ ರೈಲ್ವೆ ಎಣಿಕೆಯ ರೀತಿ ಬದಲಿಸಿ, ಮತ್ತಷ್ಟು ಜನರನ್ನ ಸೇರಿಸಿ ಪರಿಷ್ಕೃತ ಪಟ್ಟಿ ಕೊಟ್ಟಿತು. ಪೇಪರ್ ಅದೇ, ಬರೆದ ಉತ್ತರ ಅದೇ. ಆದರೂ ಮೊದಲ ಪಟ್ಟಿಯಲ್ಲಿ ಹೊರಗಿದ್ದವರು ಎರಡನೇ ಪಟ್ಟಿಯಲ್ಲಿ ಒಳಗೆ ಬಂದ್ರು.

3/8
ಕಟ್‌ಆಫ್ ನೋಡಿ ಇನ್ನೊಂದು ಕೆಲಸ ಮಾಡ್ತಾರೆ. “ಅಲ್ಲಿ ಕಮ್ಮಿ ನಿಲ್ಲುತ್ತೆ” ಅಂತ ಎಲ್ಲೋ ದೂರದ ಆರ್‌ಆರ್‌ಬಿಗೆ ಅರ್ಜಿ ಹಾಕೋದು. ಒಂದು ಅಧಿಸೂಚನೆಗೆ ಒಂದೇ ಆರ್‌ಆರ್‌ಬಿ. ಆಯ್ಕೆ ಆದ್ರೆ ಕೆಲಸ ಕೂಡ ಆ ಕಡೆಯೇ. ಬೆಂಗಳೂರು ಆರ್‌ಆರ್‌ಬಿ ಅಂದ್ರೆ ಮುಖ್ಯವಾಗಿ ನೈಋತ್ಯ ರೈಲ್ವೆಯ ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳ ಹುದ್ದೆಗಳು. ದೂರ ಹೋಗೋಕೆ ನೀವು ರೆಡಿ ಇದ್ರೆ ಹಾಕಿ, ತಪ್ಪೇನಿಲ್ಲ. ಆದರೆ ಹಳೇ ಒಂದು ಸಂಖ್ಯೆ ನೋಡಿ ಮುಂದಿನ ಎಷ್ಟೋ ವರ್ಷ ಎಲ್ಲಿರಬೇಕು ಅಂತ ತೀರ್ಮಾನ ಮಾಡಬೇಡಿ. ಅದೇ ಕಟ್‌ಆಫ್ ನಿಮ್ಮಂಥ ಸಾವಿರ ಜನರೂ ನೋಡಿರ್ತಾರೆ, ಅವರೂ ಅಲ್ಲೇ ಹಾಕಿರ್ತಾರೆ.

ಇನ್ನು ಶಿಫ್ಟ್ ವಿಚಾರ. 2019ರ ಎನ್‌ಟಿಪಿಸಿ ಮೊದಲ ಸಿಬಿಟಿ 2020ರ ಡಿಸೆಂಬರ್ 28ಕ್ಕೆ ಶುರುವಾಗಿ 2021ರ ಜುಲೈ ತನಕ ಏಳು ಹಂತಗಳಲ್ಲಿ ನಡೀತು. ಅಷ್ಟೂ ದಿನ ಒಂದೇ ಪೇಪರ್ ಕೊಡೋಕಾಗಲ್ಲ, ಎಲ್ಲವೂ ಒಂದೇ ತೂಕದಲ್ಲೂ ಇರಲ್ಲ. ಅದಕ್ಕೇ ಅಂಕಗಳನ್ನ ನಾರ್ಮಲೈಸ್ ಮಾಡ್ತಾರೆ. ನಿಮ್ಮ ಶಿಫ್ಟ್‌ನಲ್ಲಿ ಬರೆದವರ ನಡುವೆ ನೀವು ಎಲ್ಲಿ ನಿಂತಿದ್ದೀರ ಅನ್ನೋದು ಆ ಲೆಕ್ಕಕ್ಕೆ ಬರುತ್ತೆ.

ಹಾಗಾಗಿ ಸುಲಭ ಶಿಫ್ಟ್ ಸಿಕ್ಕಿದ್ದು ಲಾಟರಿ ಅಲ್ಲ. ಅಲ್ಲಿ ಎಲ್ಲರೂ ಚೆನ್ನಾಗಿ ಮಾಡಿರ್ತಾರೆ, ಎರಡು ಸಣ್ಣ ತಪ್ಪಿಗೂ ಹಿಂದೆ ಬೀಳ್ತೀರ. ಕಷ್ಟದ ಶಿಫ್ಟ್ ಶಾಪವೂ ಅಲ್ಲ. ಅಲ್ಲಿ ತಲೆ ಕೆಡಿಸ್ಕೊಳ್ಳದೆ ಮಾಡೋಕಾಗೋದನ್ನ ಮಾಡಿ ಬಂದವರು ಮುಂದೆ ಇರ್ತಾರೆ. ಮನೆಗೆ ಬಂದು ಕೀ ಆನ್ಸರ್ ನೋಡಿ ಕೂಡಿಸಿದ ಕಚ್ಚಾ ಅಂಕವನ್ನ ಹಳೇ ಕಟ್‌ಆಫ್ ಜೊತೆ ಹೋಲಿಸೋದು ಸೇರಿಗೂ ಲೀಟರಿಗೂ ಹೋಲಿಸಿದ ಹಾಗೆ.

4/8
ಹಾಗಾದ್ರೆ ಮೊದಲೇ ಗೊತ್ತಿರೋ ಕಷ್ಟ ಯಾವುದೂ ಇಲ್ವಾ? ಇದೆ. ಅದು ಅಧಿಸೂಚನೆಯಲ್ಲೇ ಬರೆದಿರುತ್ತೆ. ಅದರ ಹೆಸರು ಸಮಯ.

ಎನ್‌ಟಿಪಿಸಿ ಮೊದಲ ಸಿಬಿಟಿ: 90 ನಿಮಿಷ, 100 ಪ್ರಶ್ನೆ. ಒಂದಕ್ಕೆ 54 ಸೆಕೆಂಡ್.
ಎನ್‌ಟಿಪಿಸಿ ಎರಡನೇ ಸಿಬಿಟಿ: 90 ನಿಮಿಷ, 120 ಪ್ರಶ್ನೆ. ಒಂದಕ್ಕೆ 45 ಸೆಕೆಂಡ್.
ಎಎಲ್‌ಪಿ ಮೊದಲ ಸಿಬಿಟಿ: 60 ನಿಮಿಷ, 75 ಪ್ರಶ್ನೆ. ಒಂದಕ್ಕೆ 48 ಸೆಕೆಂಡ್.
ಗ್ರೂಪ್ ಡಿ: 90 ನಿಮಿಷ, 100 ಪ್ರಶ್ನೆ. ಮತ್ತೆ 54 ಸೆಕೆಂಡ್.

ಎನ್‌ಟಿಪಿಸಿ ಮೊದಲ ಹಂತದಲ್ಲಿ ಸಾಮಾನ್ಯ ಜ್ಞಾನ 40, ಗಣಿತ 30, ರೀಸನಿಂಗ್ 30. ಸಾಮಾನ್ಯ ಜ್ಞಾನದಲ್ಲಿ ಯೋಚಿಸೋಕೆ ಏನೂ ಇಲ್ಲ. ಗೊತ್ತಿದ್ರೆ ಗೊತ್ತು, ಇಲ್ಲಾಂದ್ರೆ ಇಲ್ಲ. ಒಂದಕ್ಕೆ 20 ಸೆಕೆಂಡ್ ಅಂತ ಇಟ್ಕೊಂಡ್ರೆ 40 ಪ್ರಶ್ನೆ 13 ನಿಮಿಷ ಚಿಲ್ಲರೆಯಲ್ಲಿ ಮುಗೀತು. ಉಳಿದ 60 ಪ್ರಶ್ನೆಗೆ ಈಗ ತಲಾ 76 ಸೆಕೆಂಡ್ ಸಿಗುತ್ತೆ. ಅದೇ ಸಾಮಾನ್ಯ ಜ್ಞಾನದ ಮುಂದೆ “ಎಲ್ಲೋ ಓದಿದ್ದೆ ಕಣೋ” ಅಂತ ಕೂತ್ರೆ, ಬರೋ ಲೆಕ್ಕ ಕೂಡ ಕೈಬಿಡುತ್ತೆ.

ಎಷ್ಟೋ ಜನ “ಮ್ಯಾಥ್ಸ್ ಟಫ್ ಇತ್ತು” ಅಂತ ಹೊರಗೆ ಬರ್ತಾರೆ. ಅದೇ ಲೆಕ್ಕವನ್ನ ಮನೆಯಲ್ಲಿ ಕೊಟ್ರೆ ಮಾಡ್ತಾರೆ. ಅವರಿಗೆ ಗಣಿತ ಬರುತ್ತೆ, 76 ಸೆಕೆಂಡಲ್ಲಿ ಬರಲ್ಲ ಅಷ್ಟೇ. ಇವೆರಡಕ್ಕೂ ಬೇಕಾದ ಮದ್ದು ಬೇರೆ ಬೇರೆ. ಟ್ರೆಂಡ್ ವಿಡಿಯೋ ಇದನ್ನ ಹೇಳಲ್ಲ, ಗಡಿಯಾರ ಹೇಳುತ್ತೆ.

5/8
ಮುಂದೆ ನೆಗೆಟಿವ್ ಮಾರ್ಕ್ಸ್. ತಪ್ಪಿಗೆ ಮೂರನೇ ಒಂದು ಅಂಕ ಕಟ್. “ಈ ಸಲ ಗುಡ್ ಅಟೆಂಪ್ಟ್ 90” ಅನ್ನೋ ಮಾತು ಎಷ್ಟು ಜನರನ್ನ ಮುಳುಗಿಸಿದೆಯೋ!

ಇಬ್ಬರು ಬರೆದ್ರು ಅಂದುಕೊಳ್ಳಿ. ಇಬ್ಬರದ್ದೂ 68 ಸರಿ. ಒಬ್ಬರು 92 ಪ್ರಶ್ನೆ ಮುಟ್ಟಿದ್ರು, 24 ತಪ್ಪು, 8 ಅಂಕ ಹೋಯ್ತು, ಉಳಿದಿದ್ದು 60. ಇನ್ನೊಬ್ಬರು 77 ಮುಟ್ಟಿದ್ರು, 9 ತಪ್ಪು, 3 ಅಂಕ ಹೋಯ್ತು, ಉಳಿದಿದ್ದು 65. ಜ್ಞಾನ ಒಂದೇ, ಐದು ಅಂಕ ವ್ಯತ್ಯಾಸ. ಈ ಪರೀಕ್ಷೆಯಲ್ಲಿ ಐದು ಅಂಕದ ನಡುವೆ ಎಷ್ಟು ಸಾವಿರ ಜನ ನಿಂತಿರ್ತಾರೆ ಅಂತ ನಿಮಗೇ ಗೊತ್ತು.

ಹಾಗಂತ “ಊಹೆ ಮಾಡಲೇಬಾರದು” ಅನ್ನೋದನ್ನೂ ನಾನು ಒಪ್ಪಲ್ಲ. 12 ಪ್ರಶ್ನೆಗೆ ಕಣ್ಣು ಮುಚ್ಚಿ ಟಿಕ್ ಮಾಡಿದ್ರೆ ಸರಾಸರಿ 3 ಸರಿ, 9 ತಪ್ಪು. ಬಂದಿದ್ದು 3, ಹೋಗಿದ್ದು 3, ಕೈಗೆ ಸೊನ್ನೆ. ಆದರೆ ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ಅಲ್ಲ ಅಂತ ಗೊತ್ತಿದ್ದು ಊಹಿಸಿದ್ರೆ, 12ರಲ್ಲಿ ಸರಾಸರಿ 6 ಸರಿ, 6 ತಪ್ಪು. ಆರರಲ್ಲಿ ಎರಡು ಕಳೆದ್ರೆ ನಾಲ್ಕು ಅಂಕ ಲಾಭ. ಅಂದ್ರೆ ಹಾಸಿಗೆ ಇದ್ದಷ್ಟು ಕಾಲು ಚಾಚಿ. ಎಷ್ಟು ಪ್ರಶ್ನೆ ಮುಟ್ಟಬೇಕು ಅನ್ನೋದನ್ನ ನೀವು ಎಷ್ಟು ಆಯ್ಕೆಗಳನ್ನ ತಳ್ಳಿಹಾಕಬಲ್ಲಿರಿ ಅನ್ನೋದು ಹೇಳಬೇಕು, ಯೂಟ್ಯೂಬ್ ಥಂಬ್‌ನೇಲ್ ಅಲ್ಲ.

6/8
ಸರಿ, ಹಳೆ ಪೇಪರ್ ಹೇಗೆ ಬಳಸೋದು? ನನ್ನ ಸಲಹೆ ಇದು.

ಪರೀಕ್ಷೆ ಬರೆದವರ ನೆನಪಿನಿಂದ ಕೂಡಿಸಿದ ಪ್ರಶ್ನೆಗಳನ್ನ ನಂಬಿಕೊಳ್ಳಬೇಡಿ. ಪರೀಕ್ಷೆ ಮುಗಿದ ಮೇಲೆ ಆರ್‌ಆರ್‌ಬಿ ಪ್ರತಿ ಅಭ್ಯರ್ಥಿಗೂ ಪ್ರಶ್ನೆ, ಉತ್ತರ, ಅವರು ಒತ್ತಿದ ಆಯ್ಕೆ ಇರೋ ರೆಸ್ಪಾನ್ಸ್ ಶೀಟ್ ತೋರಿಸುತ್ತೆ. ಹಿಂದೆ ಬರೆದ ಸೀನಿಯರ್‌ಗಳು ಅದನ್ನ ಉಳಿಸಿಕೊಂಡಿದ್ರೆ ಕೇಳಿ ತಗೊಳ್ಳಿ. ಅದೇ ನಿಜವಾದ ಪೇಪರ್.

ಅಂಥ ಹತ್ತು ಪೇಪರ್ ಸಾಕು. ಒಂದೊಂದನ್ನೂ 90 ನಿಮಿಷ, ಮೊಬೈಲ್ ದೂರ ಇಟ್ಟು ಬಿಡಿಸಿ. ಆಮೇಲೆ ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಗೊತ್ತೇ ಇರಲಿಲ್ಲ. ಗೊತ್ತಿತ್ತು, ಲೆಕ್ಕ ತಪ್ಪಾಯ್ತು. ಪ್ರಶ್ನೆ ತಪ್ಪಾಗಿ ಓದಿದೆ. ಸಮಯ ಸಾಲಲಿಲ್ಲ. ತಪ್ಪಾದ, ಬಿಟ್ಟ ಪ್ರತಿಯೊಂದು ಪ್ರಶ್ನೆಯನ್ನೂ ಯಾವುದಾದರೂ ಒಂದು ಕಾಲಂಗೆ ಹಾಕಿ. ಪಕ್ಕದಲ್ಲಿ ಟಾಪಿಕ್ ಹೆಸರು ಬರೀರಿ: ಶೇಕಡಾವಾರು, ಲಾಭ-ನಷ್ಟ, ಕಾಲ ಮತ್ತು ಕೆಲಸ, ಚಕ್ರಬಡ್ಡಿ, ಕೋಡಿಂಗ್, ಹೇಳಿಕೆ-ತೀರ್ಮಾನ.

ಐದನೇ ಪೇಪರ್ ಹೊತ್ತಿಗೆ ಒಂದು ಕಾಲಂ ಉದ್ದ ಆಗ್ತಾ ಹೋಗುತ್ತೆ. ಅದೇ ನಿಮ್ಮ ಟ್ರೆಂಡ್. “ಸರಿಯಲ್ಲದ್ದು ಯಾವುದು” ಅನ್ನೋದನ್ನ “ಸರಿಯಾದದ್ದು ಯಾವುದು” ಅಂತ ಓದಿ ಪ್ರತಿ ಪೇಪರ್‌ನಲ್ಲೂ ಮೂರು ಅಂಕ ಕಳ್ಕೊಳ್ಳೋರಿಗೆ ಹೊಸ ಗಣಿತದ ಕೋರ್ಸ್ ಯಾಕೆ ಬೇಕು?

ಒಂದು ಎಚ್ಚರಿಕೆ: ಪ್ರಚಲಿತ ವಿದ್ಯಮಾನ ಮಾತ್ರ ಹಳೆ ಪೇಪರ್‌ನಿಂದ ಸಿಗಲ್ಲ. ಅದನ್ನ ಪೇಪರ್ ಓದಿಯೇ ಕಟ್ಟಿಕೊಳ್ಳಬೇಕು.

7/8
ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮವರಿಗೆ ಎರಡು ಮಾತು ಬೇರೆ ಹೇಳಬೇಕು.

ಸಿಬಿಟಿಯನ್ನ ಕನ್ನಡದಲ್ಲೇ ಬರೀಬಹುದು. ಬರೀರಿ, ಹಿಂಜರಿಕೆ ಬೇಡ. ಆದರೆ ಅನುವಾದದಲ್ಲಿ ಗೊಂದಲ ಬಂದ್ರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಹಾಗಾಗಿ ಲ.ಸಾ.ಅ. ಅಂದ್ರೆ ಎಲ್‌ಸಿಎಂ, ಮ.ಸಾ.ಅ. ಅಂದ್ರೆ ಎಚ್‌ಸಿಎಫ್, ವೇಗೋತ್ಕರ್ಷ ಅಂದ್ರೆ ಆಕ್ಸಿಲರೇಶನ್ ಅಂತ ಎರಡೂ ಹೆಸರು ಬಾಯಲ್ಲಿರಲಿ. ಇನ್ನೂರು ಪದ ಕಲಿತ್ರೆ ಸಾಕು, ಒಂದು ವಾರದ ಕೆಲಸ.

ಎರಡನೇದು ಯಾರೂ ಟ್ರೆಂಡ್‌ನಲ್ಲಿ ಹೇಳದ ಕಷ್ಟ. ಸ್ಟೇಷನ್ ಮಾಸ್ಟರ್ ಹುದ್ದೆಯ ಆಪ್ಟಿಟ್ಯೂಡ್ ಟೆಸ್ಟ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಅದರ ಪ್ರತಿ ವಿಭಾಗದಲ್ಲೂ ಟಿ-ಸ್ಕೋರ್ 42 ಬರಲೇಬೇಕು. ಟೈಪಿಸ್ಟ್ ಹುದ್ದೆಗಳಿಗೆ ನಿಮಿಷಕ್ಕೆ ಇಂಗ್ಲಿಷಲ್ಲಿ 30 ಪದ ಅಥವಾ ಹಿಂದಿಯಲ್ಲಿ 25 ಪದ. ಗ್ರೂಪ್ ಡಿಯಲ್ಲಿ ಹುಡುಗರು 35 ಕೆಜಿ ಹೊತ್ತು 100 ಮೀಟರನ್ನ 2 ನಿಮಿಷದಲ್ಲಿ ನಡೀಬೇಕು, 1000 ಮೀಟರನ್ನ 4 ನಿಮಿಷ 15 ಸೆಕೆಂಡಲ್ಲಿ ಓಡಬೇಕು. ಹುಡುಗಿಯರಿಗೆ 20 ಕೆಜಿ, ಓಟಕ್ಕೆ 5 ನಿಮಿಷ 40 ಸೆಕೆಂಡ್. ಸಿಗೋದು ಒಂದೇ ಅವಕಾಶ.

ಸಿಬಿಟಿ ಫಲಿತಾಂಶ ಬಂದ ಮೇಲೆ ಓಡೋಕೆ ಶುರು ಮಾಡಿದ್ರೆ ಕಾಲು ಕೇಳಲ್ಲ. ಇವತ್ತಿಂದ ದಿನಾ 20 ನಿಮಿಷ ಟೈಪಿಂಗ್ ಅಥವಾ ಓಟ. ಇದರ ಕಷ್ಟ ಎಷ್ಟು ಅಂತ ಊಹಿಸೋದೇ ಬೇಡ, ಬರೆದಿಟ್ಟಿದ್ದಾರೆ.

8/8
ಕೊನೇದಾಗಿ, ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇಲ್ಲಿ ಖರ್ಚಾಗ್ತಿರೋದು ನಮ್ಮ ವಯಸ್ಸು. 2019ರ ಆರಂಭದಲ್ಲಿ ಎನ್‌ಟಿಪಿಸಿ ಅಧಿಸೂಚನೆ ಬಂತು, ಸುಮಾರು 1.25 ಕೋಟಿ ಅರ್ಜಿ ಬಿತ್ತು. ಕೋವಿಡ್ ಬಂತು, ಮುಂದಕ್ಕೆ ಹೋಯ್ತು, ಎರಡನೇ ಸಿಬಿಟಿ ಆಗಿದ್ದು 2022ರ ಮೇ-ಜೂನ್‌ನಲ್ಲಿ. ಅದೇ ವರ್ಷದ ಗ್ರೂಪ್ ಡಿ ಪರೀಕ್ಷೆಯೂ 2022ರ ಆಗಸ್ಟ್ ತನಕ ಕಾಯಿಸಿತು. ಅರ್ಜಿ ಹಾಕುವಾಗ 21 ಇದ್ದವರಿಗೆ ಆಗ 24. ಗ್ರೂಪ್ ಡಿಗೆ ಆ ಸಲ 1,03,769 ಹುದ್ದೆ ಇತ್ತು, 2024ರ ಅಧಿಸೂಚನೆಯಲ್ಲಿ 32,438. ಈಗ ರೈಲ್ವೆ ವರ್ಷಕ್ಕೊಂದು ಕ್ಯಾಲೆಂಡರ್ ಕೊಡ್ತಿದೆ, ಒಳ್ಳೇದೇ. ಆದರೂ ಕಾಯೋ ದಿನಗಳು ಇದ್ದೇ ಇರ್ತವೆ.

ಆ ದಿನಗಳನ್ನ ಧಾರವಾಡದ ರೂಮಲ್ಲೋ ವಿಜಯಪುರದ ಪಿಜಿಯಲ್ಲೋ “ಈ ಸಲ ಹೇಗಿರುತ್ತೆ” ಅಂತ ಮಾತಾಡ್ತಾ ಕಳೆಯಬಹುದು. ಅಥವಾ ನಾಲ್ಕು ಕಾಲಂ ತುಂಬಿಸ್ತಾ ಕಳೆಯಬಹುದು. ಎರಡನೇದರಲ್ಲಿ ರೈಲ್ವೆ ಕೈಕೊಟ್ರೂ ಕಲಿತ ಗಣಿತ, ರೀಸನಿಂಗ್ ಎಸ್‌ಎಸ್‌ಸಿಗೋ ಇನ್ನೊಂದಕ್ಕೋ ಕೈ ಹಿಡಿಯುತ್ತೆ. ಮೊದಲನೇದರಲ್ಲಿ ಏನೂ ಉಳಿಯಲ್ಲ. ಎಷ್ಟು ವರ್ಷ ಪ್ರಯತ್ನ ಅಂತಲೂ ಇವತ್ತೇ ಮನೆಯವರ ಜೊತೆ ಕೂತು ಮಾತಾಡಿ ಗೊತ್ತು ಮಾಡ್ಕೊಳ್ಳಿ. ಆ ಗಡುವನ್ನ ಗಡುವು ಮುಗಿದ ಮೇಲೆ ಯೋಚಿಸೋಕಾಗಲ್ಲ.

ಈ ಭಾನುವಾರ ಒಂದು ಹಳೆ ಪೇಪರ್ ತಗೊಂಡು ಗಡಿಯಾರ ಇಟ್ಟು ಬಿಡಿಸಿ. ಎಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಹಾಕಬೇಡಿ, ಅದು ಯಾರಿಗೂ ಉಪಯೋಗ ಇಲ್ಲ. ನಿಮ್ಮ ಯಾವ ಕಾಲಂ ಉದ್ದ ಇತ್ತು ಅಂತ ಹಾಕಿ. ಒಂದೇ ಕಾಲಂನವರು ಸಿಕ್ಕಿದ್ರೆ ಸೇರ್ಕೊಂಡು ಓದಿ. ಜೊತೆಗೆ ತಯಾರಿ ಮಾಡ್ತಿರೋ ಸ್ನೇಹಿತರಿಗೆ ಇದನ್ನ ಕಳಿಸಿ.

#ರೈಲ್ವೆಪರೀಕ್ಷೆ #ಎನ್‌ಟಿಪಿಸಿ #ಗ್ರೂಪ್‌ಡಿ #ಕನ್ನಡದಲ್ಲೇಬರೀತೀವಿ