ಹಳೆಯ ಬ್ಯಾಟರಿಯೂ ನಮ್ಮ ಕೆರೆಯ ನೀರೂ

ಮುಳಬಾಗಿಲನ್ನು ದಾಟಿ ಆಂಧ್ರದ ಗಡಿಯತ್ತ ಸಾಗುವ ಹೆದ್ದಾರಿಯಲ್ಲಿ, ನಂಗಲಿಯ ಆಸುಪಾಸಿನಲ್ಲಿ ಕಾರು ಸ್ಟಾರ್ಟ್ ಆಗದೆ ನಿಂತಾಗ, ಅನ್ಯರ ವಾಹನದಿಂದ ವಿದ್ಯುತ್ತನ್ನು ಎರವಲು ಪಡೆಯುವ ಕೆಲವರು ಕಪ್ಪು ತಂತಿಯ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೇ ಸಿಕ್ಕಿಸುವುದುಂಟು. ಬ್ಯಾಟರಿಯಿಂದ ಹೊಮ್ಮುವ ಜಲಜನಕವು ಒಂದೇ ಕಿಡಿಗೆ ಸ್ಫೋಟಿಸಬಲ್ಲುದಾದ್ದರಿಂದ, ಅದನ್ನು ತುಸು ದೂರದಲ್ಲಿ, ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಹಿಡಿಸುವುದೇ ಲೇಸು. ಕಳಚುವಾಗ ಋಣಾಗ್ರ ಮೊದಲು, ಜೋಡಿಸುವಾಗ ಅದೇ ಕೊನೆ. ಕನ್ನಡಕ, ಕೈಗವಸುಗಳಂತೂ ಇರತಕ್ಕದ್ದೇ. ಇಷ್ಟನ್ನು ನುರಿತ ಮೆಕ್ಯಾನಿಕ್ಕುಗಳೆಲ್ಲ ಬಲ್ಲರು.

ಆದರೆ ಬದಲಾಯಿಸಿದ ಬ್ಯಾಟರಿಯ ಗತಿಯೇನು? ಗುಜರಿಯ ಅಂಗಳದಲ್ಲಿ ಅದನ್ನೊಡೆದು, ಗಂಧಕಾಮ್ಲವನ್ನು ಚರಂಡಿಗೆ ಸುರಿದು, ಸೀಸದ ಫಲಕಗಳನ್ನು ಮಾತ್ರ ಆಯ್ದುಕೊಳ್ಳುವ ಪರಿಪಾಠವು ಎಲ್ಲಿಯೇ ಇರಲಿ ಹೇಯವಾದುದು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದೆ ಕೆರೆ, ಕೊಳವೆಬಾವಿಗಳನ್ನೇ ನೆಚ್ಚಿರುವ ಕೋಲಾರ ಸೀಮೆಯಲ್ಲಂತೂ ಅಕ್ಷಮ್ಯವೆಂದೇ ನನ್ನ ಮತ. ಸೀಸವು ಮಕ್ಕಳ ಮೆದುಳನ್ನು ಕುಂದಿಸುವ ವಿಷ; ಮಣ್ಣು ಸೇರಿದ ಮೇಲೆ ಸುಲಭಕ್ಕೆ ತೊಲಗದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಂಗ್ರಹಣೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ, ನಿಜ. ಆದರೆ ಹಳೆಯದನ್ನು ಮರಳಿಸಿದವನಿಗೆ ಹೊಸದರ ಬೆಲೆಯಲ್ಲಿ ಸಿಗುವ ರಿಯಾಯಿತಿಯು ಗುಜರಿಯ ದರವನ್ನು ಮೀರದ ಪರ್ಯಂತ, ಗಿರಾಕಿಯು ಗುಜರಿಯ ಬಾಗಿಲನ್ನೇ ತಟ್ಟುವನು.