ಬಿತ್ತನೆಯ ಲೆಕ್ಕ ಯಾರ ಬಳಿ?

ಮುಂಗಾರು ಪೂರ್ವ ಮಳೆ ಹದವಾಗಿ ಸುರಿದ ಮರುದಿನವೇ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಎಚ್.ಡಿ.ಕೋಟೆ ಸೀಮೆಯಲ್ಲಿ ಬಾಡಿಗೆ ಟ್ರ್ಯಾಕ್ಟರುಗಳಿಗೆ ಬಿಡುವಿರುವುದಿಲ್ಲ. ನೆಲದ ಹದ ಆರುವ ಮುನ್ನ ಬೀಜ ಮಣ್ಣು ಸೇರಬೇಕು. ಒಂದೇ ಯಂತ್ರಕ್ಕಾಗಿ ಹಲವು ಹೊಲಗಳು ಕಾದಿರುತ್ತವೆ. ಯಂತ್ರ ಬರುತ್ತದೆ, ಬಿತ್ತುತ್ತದೆ, ಬಾಡಿಗೆ ಪಡೆದು ಮುಂದಿನ ಹೊಲಕ್ಕೆ ಹೋಗುತ್ತದೆ. ಅದು ಬಿತ್ತಿದ್ದೆಷ್ಟು, ಬಿಟ್ಟದ್ದೆಷ್ಟು ಎಂಬುದು ರೈತನಿಗೆ ತಿಳಿಯುವುದು ವಾರದ ನಂತರ, ಮೊಳಕೆ ಮೇಲೆದ್ದಾಗ. ಅಷ್ಟರಲ್ಲಿ ಹದವೂ ಹೋಗಿರುತ್ತದೆ, ಯಂತ್ರವೂ ಹೋಗಿರುತ್ತದೆ.

ಈ ಒಂದು ವಾರದ ಅನಿಶ್ಚಿತತೆಯನ್ನು ನಿವಾರಿಸುವ ಸಾಧನ ಹೊಸದೇನಲ್ಲ. ಬಿತ್ತನೆ ಯಂತ್ರದ ಪ್ರತಿ ಕೊಳವೆಯಲ್ಲೂ ಬೀಜ ಇಳಿಯುತ್ತಿದೆಯೇ ಎಂದು ಚಾಲಕನಿಗೆ ಕ್ಷಣಕ್ಷಣವೂ ತಿಳಿಸುವ ಎಲೆಕ್ಟ್ರಾನಿಕ್ ನಿಗಾ ವ್ಯವಸ್ಥೆ ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಇಲಿನಾಯ್ ರಾಜ್ಯದಲ್ಲಿ 1966ರಲ್ಲಿ ಆರಂಭವಾದ ಡಿಕಿ-ಜಾನ್ ಕಂಪನಿ ಈ ಕ್ಷೇತ್ರದ ಮೊದಲಿಗರಲ್ಲಿ ಒಂದು. ನೂರಾರು ಎಕರೆಯ ಒಡೆಯರಿಗಾಗಿ ರೂಪುಗೊಂಡ ಈ ಉಪಕರಣಕ್ಕೂ ಒಂದೂವರೆ ಎಕರೆಯ ಹುಣಸೂರಿನ ರೈತನಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಯಂತ್ರ ಒಬ್ಬರದು, ಹೊಲ ಇನ್ನೊಬ್ಬರದು ಆಗಿರುವ ನಮ್ಮ ವ್ಯವಸ್ಥೆಯಲ್ಲಿಯೇ ಇಂತಹ ಲೆಕ್ಕದ ಅಗತ್ಯ ಹೆಚ್ಚು.

ಹತ್ತು ನಿಮಿಷದ ಬೆಲೆ

ಮೆಕ್ಕೆಜೋಳವನ್ನು ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರದಲ್ಲಿ ಬಿತ್ತಿದರೆ ಎಕರೆಗೆ ಸುಮಾರು 22,500 ಗಿಡಗಳು ಬರುತ್ತವೆ. ನಾಲ್ಕು ಸಾಲಿನ ಯಂತ್ರ ಗಂಟೆಗೆ 4 ಕಿ.ಮೀ. ವೇಗದಲ್ಲಿ ಸಾಗಿದರೆ ಸೆಕೆಂಡಿಗೆ ಹೆಚ್ಚುಕಡಿಮೆ 15 ಬೀಜಗಳು ನೆಲಕ್ಕಿಳಿಯಬೇಕು. ಮುಂದೆ ನೋಡುತ್ತಾ ಟ್ರ್ಯಾಕ್ಟರ್ ನಡೆಸುವವನು ಹಿಂದೆ ಬೀಳುವ ಈ ಬೀಜಗಳನ್ನು ಕಾಣಲಾರ. ಬಿದ್ದ ಕ್ಷಣವೇ ಅವುಗಳನ್ನು ಮಣ್ಣು ಮುಚ್ಚಿಬಿಡುತ್ತದೆ.

ಕೊಳವೆ ಕಟ್ಟಿಕೊಳ್ಳಲು ದೊಡ್ಡ ಕಾರಣ ಬೇಕಿಲ್ಲ. ಟ್ರ್ಯಾಕ್ಟರ್ ಮುಂದಕ್ಕೆ ಚಲಿಸುವ ಮುನ್ನವೇ ಯಂತ್ರವನ್ನು ನೆಲಕ್ಕಿಳಿಸಿದರೆ, ಅಥವಾ ಇಳಿಸಿದ ಮೇಲೆ ಒಂದಡಿ ಹಿಂದಕ್ಕೆ ಸರಿದರೆ, ಒದ್ದೆ ಮಣ್ಣು ಕೊಳವೆಯ ಬಾಯಿಗೆ ಮೆತ್ತಿಕೊಳ್ಳುತ್ತದೆ. ಬೀಜ ಅಳೆಯುವ ತಟ್ಟೆಯನ್ನು ತಿರುಗಿಸುವ ಚಕ್ರ ಸಡಿಲ ಮಣ್ಣಿನಲ್ಲಿ ಜಾರಬಹುದು, ಚೈನು ಕಳಚಬಹುದು, ಪೆಟ್ಟಿಗೆಯ ಒಂದು ಬದಿ ಬರಿದಾಗಬಹುದು. ನಾಲ್ಕರಲ್ಲಿ ಒಂದು ಸಾಲು ಹತ್ತು ನಿಮಿಷ ಖಾಲಿ ಓಡಿದರೆ ತಪ್ಪಿಹೋಗುವುದು ಸುಮಾರು 2,200 ಗಿಡಗಳು. ಅಂದರೆ ಒಂದು ಎಕರೆಯ ಹತ್ತನೇ ಒಂದು ಪಾಲು. ಗಿಡಕ್ಕೆ 120 ಗ್ರಾಂ ಕಾಳು ಎಂದು ಹಿಡಿದರೂ ಅದು ಎರಡೂವರೆ ಕ್ವಿಂಟಲಿಗೂ ಮಿಕ್ಕಿದ ಫಸಲು. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಘೋಷಿಸಿದ ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆಯಲ್ಲಿ ಆರು ಸಾವಿರ ರೂಪಾಯಿಗೂ ಹೆಚ್ಚು. ಪಕ್ಕದ ಸಾಲಿನ ಗಿಡಗಳು ಬಿಸಿಲು, ಗೊಬ್ಬರ ಹೆಚ್ಚಾಗಿ ಪಡೆದು ಒಂದಿಷ್ಟು ತುಂಬಿಕೊಡಬಹುದು, ಪೂರ್ತಿ ತುಂಬಲಾರವು. ತಡವಾಗಿ ಮರುಬಿತ್ತನೆ ಮಾಡಿದ ಬೀಜ ಮೊದಲೇ ಎದ್ದ ಗಿಡಗಳ ನೆರಳಿನಲ್ಲಿ ಸೊರಗುತ್ತದೆ. ಖಾಲಿ ಜಾಗವನ್ನು ಕಳೆ ಹಿಡಿಯುತ್ತದೆ.

ಆ 2,400 ರೂಪಾಯಿಯೂ ಎಲ್ಲರ ಕೈಗೆ ಬರಲಿಲ್ಲ. 2025ರ ನವೆಂಬರಿನಲ್ಲಿ ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಬಹಳ ಕೆಳಗಿಳಿದು ರಾಜ್ಯದ ಹಲವೆಡೆ ಮೆಕ್ಕೆಜೋಳ ಬೆಳೆಗಾರರು ಬೀದಿಗಿಳಿದಿದ್ದರು. ಬೆಲೆ ರೈತನ ಕೈಯಲ್ಲಿಲ್ಲ. ಬಿತ್ತನೆಯ ದಿನದ ನಷ್ಟವನ್ನಾದರೂ ತಪ್ಪಿಸಿಕೊಳ್ಳಲು ಸಾಧ್ಯವೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಕೂರಿಗೆಯಲ್ಲಿದ್ದ ಕಾವಲು

ಹಳೆ ಮೈಸೂರಿನ ಕೂರಿಗೆಯಲ್ಲಿ ಈ ಸಮಸ್ಯೆಗೆ ಪರಿಹಾರವಿತ್ತು. ಶ್ರೀರಂಗಪಟ್ಟಣ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ವರದಿಯಲ್ಲಿ ಕೂರಿಗೆಯನ್ನು ವಿವರವಾಗಿ ದಾಖಲಿಸಿದ್ದಾನೆ. ರಾಗಿ ಬಿತ್ತುವ ಹನ್ನೆರಡು ತಾಳಿನ ಕೂರಿಗೆಯಲ್ಲಿ ಎತ್ತು ಹೊಡೆಯುವವರು ಒಬ್ಬರಾದರೆ, ಬಟ್ಟಲಿಗೆ ಬೀಜ ಬಿಡುತ್ತಾ ಜೊತೆಯಲ್ಲೇ ನಡೆಯುವವರು ಇನ್ನೊಬ್ಬರು. ಹಿಂದಿನ ಸಡ್ಡೆಯಲ್ಲಿ ಅಕ್ಕಡಿ ಸಾಲಿಗೆ ಅವರೆಯನ್ನೋ ತೊಗರಿಯನ್ನೋ ಬಿಡುವ ಕೈ ಮತ್ತೊಂದು. ಒಂದು ತಾಳು ಕಟ್ಟಿಕೊಂಡರೆ ಬಟ್ಟಲಿನ ಆ ಕಂಡಿಯಲ್ಲಿ ಬೀಜ ನಿಲ್ಲುತ್ತಿತ್ತು, ಎತ್ತು ಕೂಡಲೇ ನಿಲ್ಲುತ್ತಿತ್ತು. ಬಿತ್ತುವ ಕೈಗಳು ಮನೆಯವರದೇ ಅಥವಾ ಊರಿನವರದೇ ಆಗಿದ್ದವು.

ಟ್ರ್ಯಾಕ್ಟರ್ ಬಂದಾಗ ವೇಗ ಹೆಚ್ಚಿತು, ಕೂಲಿಯ ಚಿಂತೆ ತಗ್ಗಿತು. ಆದರೆ ಬಟ್ಟಲಿನ ಬಳಿ ನಡೆಯುತ್ತಿದ್ದ ಆ ಕಣ್ಣು ಕಾಣೆಯಾಯಿತು. ಅದರ ಸ್ಥಾನವನ್ನು ಏನೂ ತುಂಬಲಿಲ್ಲ. ನಿಗಾ ವ್ಯವಸ್ಥೆ ಮಾಡುವುದು ಆ ಕೆಲಸವನ್ನೇ.

ಅದರ ತತ್ವ ಸರಳ. ಕೊಳವೆಯ ಒಂದು ಬದಿಯಲ್ಲಿ ಅತಿಗೆಂಪು ಕಿರಣ ಸೂಸುವ ದೀಪ, ಎದುರಿಗೆ ಅದನ್ನು ಗ್ರಹಿಸುವ ಸಂವೇದಕ. ಬೀಜ ಹಾದಾಗಲೆಲ್ಲ ಕಿರಣ ಕ್ಷಣಕಾಲ ಕಡಿಯುತ್ತದೆ. ಪುಟ್ಟ ಗಣಕ ಅದನ್ನು ಎಣಿಸಿ, ಎಣಿಕೆ ನಿಂತರೆ ಚಾಲಕನ ಪಕ್ಕದ ಗಂಟೆ ಬಾರಿಸುತ್ತದೆ. ಇದಕ್ಕೆ ಯಂತ್ರದ ವೇಗದ ಮಾಹಿತಿಯೂ ಸೇರಿದರೆ ಬೀಜದಿಂದ ಬೀಜಕ್ಕಿರುವ ಅಂತರವೂ ಗೊತ್ತಾಗುತ್ತದೆ. ನಿಗದಿತ ಅಂತರದ ಒಂದೂವರೆ ಪಟ್ಟು ಮೀರಿದರೆ ಬೀಜ ತಪ್ಪಿದೆ, ಅರ್ಧಕ್ಕಿಂತ ಕಡಿಮೆಯಾದರೆ ಜೋಡಿ ಬಿದ್ದಿದೆ ಎಂಬುದು 1984ರ ಅಂತರರಾಷ್ಟ್ರೀಯ ಮಾನಕದ ಅಳತೆ. ದುಬಾರಿ ವ್ಯವಸ್ಥೆಗಳಲ್ಲಿ ಉಪಗ್ರಹ ಆಧಾರಿತ ನಕ್ಷೆ, ಬಣ್ಣದ ಪರದೆ ಎಲ್ಲವೂ ಇವೆ. ಆದರೆ ಬೀಜ ನಿಂತಾಗ ಕೂಗುವಷ್ಟರ ಮಟ್ಟಿನ ಸಾಧನಕ್ಕೆ ಬೇಕಾದ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ.ರಸ್ತೆಯ ಅಂಗಡಿಗಳಲ್ಲೇ ದೊರೆಯುತ್ತವೆ. ಕೂರಿಗೆ ಮಾದರಿಯ ಯಂತ್ರದ ಕೊಳವೆಯಲ್ಲಿ ಬೀಜದ ಹರಿವನ್ನು ಪತ್ತೆಹಚ್ಚುವ ವ್ಯವಸ್ಥೆಯನ್ನು ಖರಗ್‌ಪುರದ ಐಐಟಿ ಸಂಶೋಧಕರು ರೂಪಿಸಿದ್ದಾರೆ. ತಂತ್ರಜ್ಞಾನದ ಕೊರತೆ ದೇಶಕ್ಕಿಲ್ಲ.

ಎಲ್ಲ ಬೆಳೆಗೂ ಅಲ್ಲ

ಹಾಗೆಂದು ಇದನ್ನು ಸರ್ವರೋಗ ನಿವಾರಕವೆಂದು ಭಾವಿಸುವುದು ತಪ್ಪಾದೀತು. ಈ ಸೀಮೆಯ ಹೆಸರಾಂತ ಬೆಳೆ ವರ್ಜೀನಿಯಾ ತಂಬಾಕಿಗೆ ಇದರಿಂದ ಪ್ರಯೋಜನವಿಲ್ಲ. ಒಂದು ಗ್ರಾಂನಲ್ಲಿ ಹತ್ತು ಸಾವಿರಕ್ಕೂ ಹೆಚ್ಚಿರುವ ತಂಬಾಕಿನ ಬೀಜವನ್ನು ಮಡಿಯಲ್ಲಿ ಸಸಿ ಮಾಡಿ ನಾಟಿ ಮಾಡಲಾಗುತ್ತದೆ. ಕೃಷ್ಣರಾಜನಗರದ ನಾಲಾ ಬಯಲಿನ ಭತ್ತವೂ ಹೆಚ್ಚಾಗಿ ನಾಟಿಯ ಬೆಳೆ. ರಾಗಿ ಕಾಳು ಅತಿ ಸಣ್ಣದಾದ್ದರಿಂದ ಒಂದೊಂದಾಗಿ ಎಣಿಸುವುದು ಕಷ್ಟ. ಹರಿವು ಇದೆಯೋ ಇಲ್ಲವೋ ಎಂದು ತಿಳಿಯಬಹುದು, ಅಷ್ಟೆ. ಸಾಲು ಬಿತ್ತನೆಗೆ ಒಗ್ಗುವ ಮೆಕ್ಕೆಜೋಳ, ಎಚ್.ಡಿ.ಕೋಟೆ ಕಡೆಯ ಹತ್ತಿ, ಅವರೆ, ಅಲಸಂದೆ, ತೊಗರಿಗಳಲ್ಲಿ ಮಾತ್ರ ಇದರ ನಿಜವಾದ ಉಪಯೋಗ.

ಆದರೂ ತಂಬಾಕಿನ ಪ್ರಸ್ತಾಪ ಅಪ್ರಸ್ತುತವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲಿ ಅನುಮೋದನೆ ನೀಡಿದಂದಿನಿಂದ ಪರ್ಯಾಯ ಬೆಳೆಯ ಮಾತು ಇಲ್ಲಿ ನಿಂತಿಲ್ಲ. ಮುಸುಕಿನ ಜೋಳದ ಹೆಸರು ಆ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಪ್ರತಿ ಬೇಲಿಗೂ ಸಂಖ್ಯೆಯಿದೆ, ತೂಕವಿದೆ, ದರವಿದೆ. ಬೆಲೆ ಸಾಲದೆಂಬ ದೂರಿದ್ದರೂ ದಾಖಲೆಯಿಲ್ಲವೆಂಬ ದೂರಿಲ್ಲ. ಆ ಬೆಳೆ ಬಿಟ್ಟು ಜೋಳಕ್ಕೆ ಬಾ ಎಂದು ರೈತನನ್ನು ಕರೆಯುವವರು, ಜೋಳದಲ್ಲಿ ಬಿತ್ತನೆಯಿಂದ ಮಾರಾಟದವರೆಗೆ ಯಾವ ಹಂತದಲ್ಲೂ ಅವನ ಕೈಗೆ ಲೆಕ್ಕದ ಚೀಟಿಯೊಂದು ಸಿಗುವುದಿಲ್ಲ ಎಂಬುದನ್ನು ಗಮನಿಸಬೇಕು.

ಬಾಡಿಗೆ ಯಂತ್ರ, ಸ್ವಂತ ನಷ್ಟ

2015-16ರ ಕೃಷಿ ಗಣತಿಯಂತೆ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಹುಣಸೂರು ಕ್ಷೇತ್ರವನ್ನು ಪ್ರತಿನಿಧಿಸಿದ್ದ ದೇವರಾಜ ಅರಸರ ಕಾಲದ ಭೂಸುಧಾರಣೆ 1974ರಿಂದ ಉಳುವವನಿಗೆ ನೆಲ ಕೊಟ್ಟಿತು. ಎರಡು ತಲೆಮಾರಿನ ಪಾಲುಪಾರೀಕತ್ತಿನ ನಂತರ ಆ ನೆಲ ತುಂಡಾಗಿದೆ. ಇಷ್ಟು ನೆಲಕ್ಕೆ ಸ್ವಂತ ಬಿತ್ತನೆ ಯಂತ್ರ ಕೊಳ್ಳುವುದು ಯಾರಿಗೂ ಕಟ್ಟುವುದಿಲ್ಲ. ಬಾಡಿಗೆಯೇ ದಾರಿ ಎಂಬುದನ್ನು ಸರ್ಕಾರವೂ ಒಪ್ಪಿ 2014-15ರಲ್ಲಿ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ಆರಂಭಿಸಿತು. ಊರೂರಿನ ಖಾಸಗಿ ಟ್ರ್ಯಾಕ್ಟರ್ ಮಾಲೀಕರು ಮೊದಲಿನಿಂದಲೂ ಇದ್ದಾರೆ.

ಬಾಡಿಗೆಯ ಲೆಕ್ಕದಲ್ಲೇ ಒಂದು ತೊಡಕಿದೆ. ಎಕರೆಗಿಷ್ಟು ಎಂದಾದರೆ ಬೇಗ ಮುಗಿಸುವ ಆತುರ ಚಾಲಕನಿಗೆ. ವೇಗ ಹೆಚ್ಚಿದಂತೆ ತಟ್ಟೆಯ ಕುಳಿಗಳಿಗೆ ಬೀಜ ತುಂಬದೆ ಸಾಲು ತಪ್ಪುತ್ತದೆ. ಗಂಟೆಗಿಷ್ಟು ಎಂದಾದರೆ ಕೆಲಸ ಎಳೆದಷ್ಟೂ ಹೊರೆ ರೈತನಿಗೆ. ಎರಡರಲ್ಲೂ ಅಳೆಯುವುದು ನೆಲವನ್ನು ಅಥವಾ ಗಡಿಯಾರವನ್ನು. ಬಿತ್ತಿದ ಬೀಜವನ್ನು ಅಳೆಯುವವರಿಲ್ಲ. ಯಂತ್ರದ ಒಡೆಯನೇ ಹೊಲದ ಒಡೆಯನಾಗಿರುವ ಅಮೆರಿಕದಲ್ಲಿ ನಿಗಾ ವ್ಯವಸ್ಥೆ ಇಳುವರಿ ಹೆಚ್ಚಿಸುವ ಸಲಕರಣೆ. ಇಲ್ಲಿ ಅದು ಇಬ್ಬರ ನಡುವಿನ ತಕ್ಕಡಿಯಾಗಬಲ್ಲದು.

ಪ್ರಾಮಾಣಿಕ ಚಾಲಕನಿಗೂ ಇದರಿಂದ ಲಾಭವೇ. ಮೊಳಕೆ ಬಾರದ ಹೊಲಕ್ಕೆಲ್ಲ ಅವನೇ ಹೊಣೆ ಎಂಬ ಆರೋಪದಿಂದ ಅವನನ್ನು ಕಾಯುವ ದಾಖಲೆ ಬೇರೊಂದಿಲ್ಲ. ಎಚ್.ಡಿ.ಕೋಟೆಯ ಕಾಡಂಚಿನಲ್ಲಿ ಬಿತ್ತಿದ ರಾತ್ರಿಯೇ ಕಾಡುಹಂದಿ ಸಾಲು ಕೆದಕಬಹುದು, ಬೆಳಗ್ಗೆ ನವಿಲು ಹೆಕ್ಕಬಹುದು. ಅದೂ ಯಂತ್ರದ ತಪ್ಪಾಗಿಯೇ ಕಾಣುತ್ತದೆ.

ಬೀಜದ ವ್ಯಾಜ್ಯ

ಬೀಜ ಮೊಳೆಯದಿದ್ದಾಗ ನಡೆಯುವ ವಾದ ರಾಜ್ಯದ ಎಲ್ಲ ರೈತರಿಗೂ ಪರಿಚಿತ. ರೈತ ಬೀಜ ಕಳಪೆ ಎನ್ನುತ್ತಾನೆ. ಕಂಪನಿ ಬಿತ್ತಿದ ಕ್ರಮ ಸರಿಯಿಲ್ಲ ಎನ್ನುತ್ತದೆ. ಯಂತ್ರದವನು ಮಳೆಯತ್ತ ಕೈ ತೋರಿಸುತ್ತಾನೆ. ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರ ಪ್ರದೇಶದ ರೈತರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ, ಬೀಜ ಕೊಳ್ಳುವ ರೈತ ಗ್ರಾಹಕನೇ ಹೌದು ಎಂದು ಸ್ಪಷ್ಟವಾಗಿ ಹೇಳಿತು. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತ ಪ್ರಯೋಗಾಲಯದ ಪರೀಕ್ಷೆಗೆಂದು ಮಾದರಿ ಉಳಿಸಿಕೊಳ್ಳಬೇಕೆಂದು ನಿರೀಕ್ಷಿಸಲಾಗದು ಎಂಬುದನ್ನೂ ಒಪ್ಪಿತು. 1986ರ ಗ್ರಾಹಕ ಕಾಯ್ದೆಯ ಜಾಗದಲ್ಲಿ ಈಗ 2019ರ ಕಾಯ್ದೆಯಿದೆ. ಬೀಜವಷ್ಟೇ ಅಲ್ಲ, ಹಣ ಕೊಟ್ಟು ಪಡೆಯುವ ಸೇವೆಯೂ ಅದರ ವ್ಯಾಪ್ತಿಗೆ ಬರುತ್ತದೆ.

ಹಕ್ಕು ಇದೆ, ಪುರಾವೆ ಇಲ್ಲ. ಇಂತಹ ದಿನ, ಇಷ್ಟು ಎಕರೆಗೆ, ಇಷ್ಟು ಬೀಜ ಕೊಳವೆ ದಾಟಿದೆ ಎಂಬ ಚೀಟಿ ರೈತನ ಬಳಿ ಇದ್ದರೆ ಬಿತ್ತನೆಯೇ ಸರಿಯಿಲ್ಲ ಎಂಬ ವಾದದ ಬಲ ಕುಗ್ಗುತ್ತದೆ. ಚೀಟಿಯಲ್ಲೇ ಕೊರತೆ ಕಂಡರೆ ಹೊಣೆ ಯಾರದೆಂಬುದೂ ನಿಚ್ಚಳವಾಗುತ್ತದೆ.

ಈ ಸಾಕ್ಷಿಗೂ ಮಿತಿಗಳಿವೆ. ಬೀಜ ಕೊಳವೆ ದಾಟಿದ್ದನ್ನು ಸಂವೇದಕ ಹೇಳುತ್ತದೆ. ಎಷ್ಟು ಆಳಕ್ಕೆ ಬಿತ್ತು, ಅದಕ್ಕೆ ಜೀವವಿತ್ತೇ ಎಂಬುದನ್ನು ಹೇಳದು. ಬೀಜೋಪಚಾರದ ಪುಡಿ ಮತ್ತು ಹೊಲದ ಧೂಳು ಕಿರಣಕ್ಕೆ ಅಡ್ಡ ಬಂದರೆ ಸುಳ್ಳು ಗಂಟೆ ಬಾರಿಸುತ್ತದೆ. ಎರಡು ಬೀಜ ಅಂಟಿಕೊಂಡು ಇಳಿದರೆ ಒಂದೆಂದು ಎಣಿಸಬಹುದು. ದಿನವೂ ಒರೆಸಬೇಕು, ತಂತಿ ಇಲಿ ಕಡಿಯದಂತೆ ನೋಡಿಕೊಳ್ಳಬೇಕು. ದುರಸ್ತಿ ಬಲ್ಲವರು ಹೋಬಳಿಯಲ್ಲಿ ಇಲ್ಲದಿದ್ದರೆ ಕೆಟ್ಟ ಪೆಟ್ಟಿಗೆ ಮೊದಲ ಮುಂಗಾರಿನಲ್ಲೇ ಮೂಲೆ ಸೇರುತ್ತದೆ.

ಆಗಬೇಕಾದ್ದೇನು?

ಸಾರ್ವಜನಿಕ ಹಣದ ಸಹಾಯಧನ ಪಡೆದು ಬಾಡಿಗೆಗೆ ಓಡುವ ಸಾಲು ಬಿತ್ತನೆ ಯಂತ್ರಗಳಿಗೆ ಕನಿಷ್ಠ ಬೀಜ ನಿಂತಾಗ ಎಚ್ಚರಿಸುವ ಗಂಟೆಯನ್ನು ಕಡ್ಡಾಯಗೊಳಿಸುವುದು ಸರ್ಕಾರಕ್ಕೆ ಕಷ್ಟದ ಮಾತಲ್ಲ. ಯಂತ್ರಧಾರೆ ಕೇಂದ್ರಗಳ ರಸೀದಿಯಲ್ಲಿ ಬಾಡಿಗೆಯ ಮೊತ್ತದ ಜೊತೆಗೆ ಬೀಜದ ಎಣಿಕೆಯೂ ಕನ್ನಡದಲ್ಲಿ ಮುದ್ರಣವಾಗಲಿ. ಕೃಷಿ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಈ ಸೀಮೆಯ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಿ, ಇಲ್ಲಿ ಮಾರಾಟವಾಗುವ ಬೀಜಗಳೊಂದಿಗೆ ಒಂದು ಮುಂಗಾರು ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗಪಡಿಸಲಿ. ಐಟಿಐ ಕಲಿತ ಹಳ್ಳಿಯ ಹುಡುಗರಿಗೆ ದುರಸ್ತಿ ತರಬೇತಿ ದೊರೆಯಲಿ. ಮೊದಲ ವರ್ಷ ನಾಲ್ಕು ತಾಲ್ಲೂಕುಗಳ ಕೆಲವೇ ಹೋಬಳಿಗಳಲ್ಲಿ ನಡೆದರೂ ಸಾಕು.

ಗೊಬ್ಬರದ ಚೀಲಕ್ಕೆ ತೂಕವಿದೆ, ಹಾಲಿನ ಡೇರಿಯಲ್ಲಿ ಕೊಬ್ಬಿನಂಶದ ಪರೀಕ್ಷೆಯಿದೆ, ಪೆಟ್ರೋಲ್ ಬಂಕಿನಲ್ಲಿ ಮೀಟರ್ ಇದೆ. ವರ್ಷದ ಅನ್ನವನ್ನು ನಿರ್ಧರಿಸುವ ಬಿತ್ತನೆಯ ದಿನಕ್ಕೆ ಮಾತ್ರ ಯಾವ ಅಳತೆಯೂ ಇಲ್ಲ. ನಂಬಿಕೆಯ ಮೇಲೆ ನಡೆದ ವ್ಯವಹಾರ ಮುರಿದಾಗ ನಷ್ಟವಾಗುವುದು ಯಾವಾಗಲೂ ಹೊಲದವನಿಗೆ. ಮುಂದಿನ ಮುಂಗಾರಿಗೆ ಯಂತ್ರಗಳ ಸಂಖ್ಯೆ ಹೆಚ್ಚಿಸುವ ಮುನ್ನ, ಈಗಿರುವ ಯಂತ್ರಗಳು ಲೆಕ್ಕ ಕೊಡುವಂತೆ ಮಾಡುವುದು ಕೃಷಿ ಇಲಾಖೆಯ ಆದ್ಯತೆಯಾಗಬೇಕು.